ಎತ್ತು ಕುಂಟಿತೆಂದು ಹಿಗ್ಗಿದ ಮನೆ

ನಾನು ಸೊಸೆಯಾಗಿ ಬಂದ ಮನೆಯಲ್ಲಿ ಒಮ್ಮೆ ಎತ್ತು ಕುಂಟಿತೆಂದು ಸಕ್ಕರೆ ಹಂಚಿದ್ದರು. ಹೇಳಿದರೆ ಈಗಿನವರು ನಗುತ್ತಾರೆ. ನಗಲಿ. ಬಿತ್ತನೆ ಬಾಗಿಲಿಗೆ ಬಂದಾಗ ಎತ್ತು ಕುಂಟಿದರೆ ಯಾವ ರೈತರ ಮನೆಯಲ್ಲೂ ತಲೆಯ ಮೇಲೆ ಕೈ ಹೊತ್ತು ಕೂರುತ್ತಾರೆ. ನಮ್ಮ ಮಾವನವರು ಮಾತ್ರ ಅಂಗಳದ ನಡುವೆ ನಿಂತು ಸಣ್ಣ ಹುಡುಗರ ಹಾಗೆ ಕೈ ತಟ್ಟಿದ್ದರು. ಅದನ್ನು ಕಣ್ಣಾರೆ ಕಂಡವರಲ್ಲಿ ಈಗ ಉಳಿದಿರುವುದು ನಾನೊಬ್ಬಳೇ.

ಎರಡನೆಯ ದೊಡ್ಡ ಯುದ್ಧ ಶುರುವಾಗುವುದಕ್ಕೆ ಮುಂಚಿನ ಮಾತು. ನನಗೆ ಹದಿನೈದು ವರ್ಷ. ತವರು ಸಂಕೇಶ್ವರದ ಹತ್ತಿರ, ಕೊಟ್ಟ ಊರು ಮೇಲವಂಕಿ. ನಮ್ಮಪ್ಪ ಬಳುವಳಿಯಾಗಿ ಒಂದು ಆಕಳು ಕೊಟ್ಟಿದ್ದ. ಕಪ್ಪು ಕಣ್ಣಿನ, ಸಾಧು ಸ್ವಭಾವದ ಆಕಳು. ನಾನು ಗಾಡಿಯಲ್ಲಿ ಕುಳಿತು ಬಂದೆ, ಅದು ಗಾಡಿಯ ಹಿಂದೆ ನಡೆದು ಬಂತು. ದಾರಿಯಲ್ಲಿ ಹುಕ್ಕೇರಿಯಲ್ಲಿ ಗಾಡಿ ಬಿಟ್ಟಾಗ, ಸಂತೆಗೆ ಬಂದ ದನಗಳು ಬಾಯಿ ಹಾಕುತ್ತಿದ್ದ ಕಲ್ಲಿನ ದೋಣಿಯಲ್ಲೇ ಅದಕ್ಕೂ ನೀರು ಕುಡಿಸಿದರು. ಅದರಲ್ಲಿ ತಪ್ಪೇನೂ ನನಗೆ ಕಾಣಲಿಲ್ಲ. ಬಾಯಾರಿದ ಆಕಳು, ತುಂಬಿದ ದೋಣಿ. ಮೇಲವಂಕಿ ಮುಟ್ಟುವಾಗ ಖಡಿ ಕಲ್ಲು ಹಾಕಿದ ರಸ್ತೆಗೆ ಅದರ ಗೊರಸು ಸವೆದು, ಹಿಂಗಾಲನ್ನು ಎತ್ತಿ ಎತ್ತಿ ಇಡುತ್ತಿತ್ತು. ‘ನಡದ ನಡದ ಕಾಲ ನೊಂದಾವ’ ಎಂದು ಎಲ್ಲರೂ ಅಂದರು.

ನಮ್ಮ ಅತ್ತೆಯ ಬಗ್ಗೆ ಮೊದಲು ಹೇಳಿಬಿಡಬೇಕು. ಅವರು ದಿನಾ ಬೆಳಿಗ್ಗೆ ಬಸದಿಗೆ ಹೋಗಿ ಬಂದ ಮೇಲೇ ಬಾಯಿಗೆ ನೀರು ಹಾಕುವವರು. ಸೂರ್ಯ ಮುಳುಗಿದ ಮೇಲೆ ಉಣ್ಣದವರು. ಸುಳ್ಳು ಎಂಬುದು ಅವರಿಗೆ ಗೊತ್ತೇ ಇರಲಿಲ್ಲ. ಮಜ್ಜಿಗೆ ಕೇಳಲು ಯಾರಾದರೂ ಬಂದಾಗ ಕೊಡುವ ಮನಸ್ಸಿಲ್ಲದಿದ್ದರೆ ಉಳಿದ ಹೆಂಗಸರ ಹಾಗೆ ‘ತೀರೇತಿ’ ಎನ್ನುತ್ತಿರಲಿಲ್ಲ. ‘ಐತಿ, ಕೊಡೂದಿಲ್ಲ’ ಎಂದು ಮುಖಕ್ಕೆ ಹೇಳುತ್ತಿದ್ದರು. ಇಂಥ ಅತ್ತೆಯ ಕೈಕೆಳಗೆ ಬಾಳಬೇಕಲ್ಲ ಎಂದು ಮೊದಲ ದಿನವೇ ನನ್ನ ಜೀವ ಅರ್ಧ ಆಗಿತ್ತು.

ಬಂದ ಮರುದಿನ ಬೆಳಿಗ್ಗೆ ಅವರು ನನ್ನನ್ನು ಕೊಟ್ಟಿಗೆಗೆ ಕರೆದರು. ಹೊಸ ದನ ಮನೆಗೆ ಬಂದರೆ ಹಳೆಯವು ಹಾಯುತ್ತವೆ, ಮೇವು ತಿನ್ನಗೊಡುವುದಿಲ್ಲ. ಅದಕ್ಕೆ ಆ ಮನೆಯಲ್ಲಿ ಒಂದು ಪದ್ಧತಿ. ಉಪ್ಪು ನೀರು ಕಲಸಿ ಎಲ್ಲ ದನಗಳ ಬೆನ್ನಿಗೂ ಮೂತಿಗೂ ಸವರಿ ಹತ್ತಿರ ಹತ್ತಿರ ಕಟ್ಟುವುದು. ಉಪ್ಪಿನ ಆಸೆಗೆ ಒಂದನ್ನೊಂದು ನೆಕ್ಕಿ ನೆಕ್ಕಿ ಸಂಜೆಯ ಹೊತ್ತಿಗೆ ಗೆಳೆಯರಾಗಿಬಿಡುತ್ತವೆ.

‘ನಿನ್ನ ಆಕಳಾ ಅಲ್ಲೇನ? ನೀನ ಹಚ್ಚವ್ವಾ’ ಎಂದು ಉಪ್ಪಿನ ಬಟ್ಟಲನ್ನು ನನ್ನ ಕೈಗೆ ಕೊಟ್ಟರು. ಅದು ಆ ಮನೆಯಲ್ಲಿ ನಾನು ಮಾಡಿದ ಮೊದಲ ಕೆಲಸ. ಆಕಳಿಗೆ ಹಚ್ಚಿದೆ, ಎರಡು ಪ್ರಾಯದ ಎತ್ತುಗಳಿಗೆ ಹಚ್ಚಿದೆ, ಮೂಲೆಯಲ್ಲಿದ್ದ ಒಂದು ಮುದಿ ಎತ್ತಿಗೂ ಹಚ್ಚಿದೆ. ಮಾವನವರು ಕಟ್ಟೆಯ ಮೇಲೆ ಹಗ್ಗ ಹೊಸೆಯುತ್ತ ನೋಡುತ್ತಿದ್ದರು. ನಾಲ್ಕೂ ದನಗಳು ನಾಲಿಗೆ ಚಾಚಿ ಪರಸ್ಪರ ನೆಕ್ಕುವುದನ್ನು ಕಂಡು ನನಗೆ ಎಷ್ಟು ಖುಷಿಯಾಯಿತೆಂದರೆ, ಈ ಮನೆಯಲ್ಲಿ ನನ್ನನ್ನೂ ಹೀಗೆಯೇ ಸೇರಿಸಿಕೊಳ್ಳುತ್ತಾರೆ ಎನ್ನಿಸಿತು.

ಅದಾದ ಎರಡನೆಯ ದಿನ ಆಕಳು ಮೇವು ಬಿಟ್ಟಿತು. ಮೈ ಕೆಂಡ, ಬಾಯಿಂದ ನೂಲಿನ ಹಾಗೆ ಜೊಲ್ಲು. ಅತ್ತೆ ಅದರ ತುಟಿ ಎತ್ತಿ ನೋಡಿದರು. ಒಳಗೆಲ್ಲ ಹುಣ್ಣು. ಹೋಗಿ, ಬೇನೆ ಇದೆಯೆಂಬ ಗುರುತಾಗಿ ತಲೆಬಾಗಿಲಿಗೆ ಬೇವಿನ ತಪ್ಪಲು ಕಟ್ಟಿ, ಹೊಸ್ತಿಲಿಗೆ ಅಡ್ಡ ಬೂದಿ ಚೆಲ್ಲಿ ಬಂದರು. ಆವತ್ತಿನಿಂದ ನಮ್ಮ ಮನೆಯಿಂದ ಮಜ್ಜಿಗೆಯಿಲ್ಲ, ಬೆಂಕಿಯಿಲ್ಲ, ಒಂದು ಹಿಡಿ ಹುಲ್ಲೂ ಹೊರಗೆ ಹೋಗುವಂತಿಲ್ಲ. ಯಾರೂ ಒಳಗೆ ಬರುವಂತಿಲ್ಲ. ನಮ್ಮ ದನ ಹಳ್ಳದ ನೀರಿಗೆ ಹೋಗುವಂತಿಲ್ಲ, ಬಾವಿಯಿಂದ ಹೊತ್ತು ತಂದು ಕುಡಿಸಬೇಕು. ಅತ್ತೆ ಬಸದಿಗೆ ಹೋಗುವುದನ್ನೂ ಬಿಟ್ಟರು. ಹೊಸ್ತಿಲ ಒಳಗೆ ನಿಂತು ಆ ದಿಕ್ಕಿಗೆ ಕೈ ಮುಗಿದು, ಆಮೇಲೆ ನೀರು ಕುಡಿದರು. ಅವರ ಜೀವಮಾನದಲ್ಲಿ ಹಾಗೆ ಮಾಡಿದ್ದು ಅದೇ ಮೊದಲಂತೆ.

ಆಕಳು ಮಲಗಿದ ನಾಲ್ಕನೆಯ ದಿನ ಎರಡೂ ಪ್ರಾಯದ ಎತ್ತುಗಳ ಬಾಯಲ್ಲಿ ಜೊಲ್ಲು ಇಳಿಯತೊಡಗಿತು.

ಆವತ್ತೇ ಬಾಜೂ ಮನೆಯ ಕಾಕಿ ಗೋಡೆಯ ಆಚೆಯಿಂದ ತಲೆ ಎತ್ತಿದಳು. ಈ ಕಾಕಿ ಕೆಟ್ಟವಳಲ್ಲ, ಆದರೆ ಬಾಯಿಗೆ ಬಾಗಿಲಿರಲಿಲ್ಲ. ‘ಅಕ್ಕಾ, ಕೇಳಿದೇನ? ಮೂಡಲಗಿ ಕಡೆ ದೊಡ್ಡ ಬ್ಯಾನಿ ಬಂದೈತಂತ. ಸಂತಿಗೆ ಹೋದಾವ್ರ ಹೇಳಾಕತ್ತಾರ. ದನಾ ಸಾಲಹಿಡದ ಬೀಳಾಕತ್ತಾವಂತ.’ ಆಮೇಲೆ ದನಿ ಇಳಿಸಿದಳು. ಇಳಿಸಿದ ಅವಳ ದನಿ ಓಣಿಯ ತುದಿಗೆ ಕೇಳಿಸುತ್ತಿತ್ತು. ‘ಸೊಸಿ ಹೊಸ್ತಿಲಾ ದಾಟಿ ಎಂಟ ದಿನಾ ಆಗಿಲ್ಲ. ನಾ ಏನೂ ಅನ್ನೂದಿಲ್ಲವಾ. ಕಾಲ್ಗುಣಾ ಅನ್ನೂದ ಒಂದ ಇರತೈತಿ ನೋಡು. ನಮ್ಮ ತವರಮನಿ ಊರಾಗ ಹಿಂಗ ಒಂದ ಹುಡಗೀನ ತಿರಿಗಿ ಗಾಡಿ ಹತ್ತಿಸಿ ಬಿಟ್ಟ ಬಂದ್ರು.’

ಅತ್ತೆ ಏನು ಉತ್ತರ ಕೊಟ್ಟರೋ ನಾನು ಕೇಳಿಸಿಕೊಳ್ಳಲಿಲ್ಲ. ದೊಡ್ಡ ಬೇನೆ ಎಂದರೆ ಏನೆಂದು ನನಗೂ ಗೊತ್ತಿತ್ತು. ಬಾಯಿ ಹುಣ್ಣಾಗಿ, ರಕ್ತಭೇದಿಯಾಗಿ, ಒಂದು ವಾರದೊಳಗೆ ಇಡೀ ಕೊಟ್ಟಿಗೆ ಬರಿದಾಗುತ್ತದೆ. ಆ ಮನೆ ಅದನ್ನು ಒಮ್ಮೆ ಅನುಭವಿಸಿತ್ತು. ಎಂಟೊಂಬತ್ತು ವರ್ಷದ ಹಿಂದೆ ಆ ಬೇನೆ ಬಂದಾಗ ಇದ್ದ ದನಗಳೆಲ್ಲ ಹೋಗಿ, ಸತ್ತಂತೆ ಮಲಗಿ ಎದ್ದು ಬಂದದ್ದು ಒಂದೇ, ಆ ಮೂಲೆಯ ಮುದಿ ಎತ್ತು. ಅದಕ್ಕೇ ದುಡಿಮೆ ಬಿಡಿಸಿ ಕೂರಿಸಿ ಮೇಯಿಸುತ್ತಿದ್ದರು. ಈಗ ಮತ್ತೆ ಅದೇ ಆದರೆ, ನನ್ನನ್ನು ಕರೆದುಕೊಂಡು ಹೋಗಲು ನಮ್ಮಪ್ಪ ಬರಬೇಕು. ತಲೆ ತಗ್ಗಿಸಿ ನಿಂತ ಅಪ್ಪನ ಚಿತ್ರ ಕಣ್ಣ ಮುಂದೆ ಬಂದು ನಾನು ಸಗಣಿ ಕುಳ್ಳಿನ ಗೂಡಿನ ಹಿಂದೆ ಹೋಗಿ ಅತ್ತುಬಿಟ್ಟೆ.

ಮಾವನವರು ಬೆಳಿಗ್ಗೆ ಎದ್ದು ದೇವರ ಮುಖ ನೋಡುವ ಬದಲು ಎತ್ತಿನ ಸಗಣಿ ನೋಡತೊಡಗಿದರು. ಸಗಣಿಯಲ್ಲಿ ರಕ್ತ ಕಂಡರೆ ಮುಗಿಯಿತು. ಒಮ್ಮೆ ಹೆಂಡತಿಗೆ ಹೇಳಿದ್ದು ನನ್ನ ಕಿವಿಗೆ ಬಿತ್ತು: ‘ಕಾಲಬ್ಯಾನಿ ಇದ್ರ ಎತ್ತ ಕುಂಟತೈತಿ, ಸಾಯೂದಿಲ್ಲ. ದೊಡ್ಡ ಬ್ಯಾನಿ ಇದ್ರ ಕುಂಟೂದಿಲ್ಲ, ಬೀಳತೈತಿ.’ ಆಕಳ ಗೊರಸನ್ನು ಎಲ್ಲರೂ ನೋಡಿದ್ದರು. ಆದರೆ ಅದು ಬಂದ ದಿನದಿಂದಲೇ ಕುಂಟುತ್ತಿತ್ತಲ್ಲ! ರಸ್ತೆಯ ಕಲ್ಲಿನ ಗಾಯ ಯಾವುದು, ಬೇನೆಯ ಗಾಯ ಯಾವುದು ಎಂದು ಯಾರು ಹೇಳಬೇಕು? ಎತ್ತುಗಳ ಕಾಲಲ್ಲಿ ಇನ್ನೂ ಏನೂ ಇರಲಿಲ್ಲ.

ಎರಡು ದಿನ ಕಳೆದು ಆ ಮುದಿ ಎತ್ತೂ ಜೊಲ್ಲು ಸುರಿಸುತ್ತ ನಿಂತಿತು. ಅದನ್ನು ಕಂಡು ಮಾವನವರು ಗೋದಲಿಯ ಅಂಚಿಗೆ ಕುಸಿದು ಕುಳಿತರು. ‘ಇದೂ ಹ್ವಾತ’ ಎಂದರು. ಅಷ್ಟೇ. ಅಷ್ಟು ದೊಡ್ಡ ಆಳು ತಲೆಯ ಪಟಗದ ತುದಿಯಿಂದ ಕಣ್ಣು ಒರೆಸಿಕೊಂಡರು.

ನಾನು ನೀರಿನ ಕೊಡ ಹೊತ್ತು ಅಲ್ಲಿಯೇ ನಿಂತಿದ್ದೆ. ಹೊಸ ಸೊಸೆ ಮಾವನ ಎದುರು ಮಾತಾಡುವ ಕಾಲವಲ್ಲ ಅದು. ಆದರೆ ತಲೆಯಲ್ಲಿ ಏನೋ ಹೊಳೆದಿತ್ತು, ಅದು ಒಳಗೆ ನಿಲ್ಲದು. ನನ್ನ ಮುಖದ ತುಂಬ ಸಿಡುಬಿನ ಕಲೆ. ಆರು ವರ್ಷದವಳಿದ್ದಾಗ ಅಮ್ಮ ಬಂದು ಹೋದದ್ದು. ಆ ಕಲೆಗಳನ್ನು ಕಂಡು ನಾಲ್ಕು ಗಂಡುಗಳು ಎದ್ದು ಹೋಗಿದ್ದವು, ಈ ಮನೆಯವರು ಮಾತ್ರ ಒಪ್ಪಿದ್ದರು. ಅತ್ತೆಯ ಹತ್ತಿರ ಹೋಗಿ ಪಿಸುಗುಟ್ಟಿದೆ. ‘ಅತ್ತೀ, ನನಗ ಅಮ್ಮ ಬಂದ ಹ್ವಾದ ಮ್ಯಾಲ ನನ್ನ ತಂಗೀಗಿ ಬಂತರಿ. ಆಕಿನ್ನ ತೊಡಿ ಮ್ಯಾಲ ಹಾಕ್ಕೊಂಡ ನಾನ ಜ್ವಾಕಿ ಮಾಡೇನ್ರಿ. ನನಗ ಮತ್ತ ಬರಲಿಲ್ಲರಿ. ಒಮ್ಮಿ ಬಂದಾಕಿ ತಿರಿಗಿ ಬರೂದಿಲ್ಲಂತ ಅವ್ವ ಹೇಳತಿದ್ಲು. ಆ ಎತ್ತಿಗಿ ದೊಡ್ಡ ಬ್ಯಾನಿ ಒಮ್ಮಿ ಬಂದ ಹೋಗೇತಲ್ರಿ?’

ಅತ್ತೆ ನನ್ನ ಮುಖವನ್ನು, ಅದರ ಕಲೆಗಳನ್ನು, ಮೊದಲ ಸಲ ನೋಡುವವರಂತೆ ನೋಡಿದರು. ಆಮೇಲೆ ಗಟ್ಟಿಯಾಗಿ, ‘ಏನ್ರಿ, ಇಲ್ಲಿ ಕೇಳ್ರಿ, ಹುಡಗಿ ಏನ ಅನ್ನಾಕತ್ತೈತಿ’ ಎಂದು ಗಂಡನನ್ನು ಕರೆದು ನನ್ನ ಮಾತನ್ನೆಲ್ಲ ಒಪ್ಪಿಸಿದರು. ಮಾವನವರು ಎದ್ದು ಮುದಿ ಎತ್ತಿನ ಬೆನ್ನ ಮೇಲೆ ಕೈ ಇಟ್ಟರು. ‘ಹಂಗಿದ್ರ’ ಎಂದರು. ಮತ್ತೊಮ್ಮೆ ‘ಹಂಗಿದ್ರ ಇದ ದೊಡ್ಡ ಬ್ಯಾನಿ ಅಲ್ಲ...’ ಎಂದರು. ನಂಬಲು ಆಸೆ, ನಂಬಲು ಭಯ.

ಮರುದಿನ ಬೆಳಕು ಹರಿಯುತ್ತಲೇ ಒಂದು ಪ್ರಾಯದ ಎತ್ತನ್ನು ಬಿಚ್ಚಿ ಅಂಗಳಕ್ಕೆ ತಂದರು. ನನ್ನ ಗಂಡ ಹಗ್ಗ ಹಿಡಿದು ಮುಂದೆ, ಮಾವನವರು ಬಗ್ಗಿ ಕಾಲು ನೋಡುತ್ತ ಹಿಂದೆ. ನಾನೂ ಅತ್ತೆಯೂ ಬಾಗಿಲಲ್ಲಿ. ಎತ್ತು ಒಂದು ಹೆಜ್ಜೆ ಇಟ್ಟಿತು, ಎರಡನೆಯದು ಇಟ್ಟಿತು. ಮೂರನೆಯದಕ್ಕೆ ಮುಂಗಾಲನ್ನು ಮೇಲೆತ್ತಿ ಗಾಳಿಯಲ್ಲಿ ಝಾಡಿಸಿ, ಕುಂಟಿತು.

‘ಕುಂಟತೈತಿ! ಕುಂಟಾಕತ್ತೈತಿ ನೋಡ್ರಿ!’ ಮಾವನವರು ಕೂಗಿ ಕೈ ತಟ್ಟಿದರು. ಗೊರಸಿನ ಸಂದಿಯಲ್ಲಿ ನೀರು ತುಂಬಿದ ಬೊಬ್ಬೆಗಳು ಎದ್ದಿದ್ದವು. ಮುದಿ ಎತ್ತನ್ನು ಎಬ್ಬಿಸಿದರು. ಅದೂ ಕುಂಟಿತು. ಹೋದ ಜೀವ ಬಂದಂತಾಯಿತು. ನಾನು ನಗುತ್ತಿದ್ದೆನೋ ಅಳುತ್ತಿದ್ದೆನೋ ನನಗೇ ತಿಳಿಯದು. ಗೋಡೆಯ ಮೇಲೆ ಕಾಕಿಯ ತಲೆ ಬಂತು. ಕುಂಟುವ ಎತ್ತನ್ನು, ಕುಣಿಯುವ ಮುದುಕನನ್ನು ನೋಡಿ ಬಾಯಿ ತೆರೆದದ್ದು ಹಾಗೆಯೇ ಉಳಿಯಿತು. ಅತ್ತೆ ಒಳಗಿನಿಂದ ಸಕ್ಕರೆ ತಂದು ನಮ್ಮ ನಮ್ಮ ಅಂಗೈಗೆ ಹಾಕಿದರು. ಕಾಕಿಗೆ ಕೊಡಲಿಲ್ಲ. ‘ಐತಿ, ಕೊಡೂದಿಲ್ಲ. ಬ್ಯಾನಿ ಹೋಗಲಿ, ಕೊಡತೇನಿ’ ಎಂದರು.

ಆಮೇಲಿನದು ಬರೀ ದುಡಿಮೆ. ಪಟಿಕದ ಪುಡಿ ಕರಗಿಸಿದ ನೀರಿನಿಂದ ಬಾಯಿ ತೊಳೆಯುವುದು, ಜೋಳದ ಅಂಬಲಿ ಕುಡಿಸುವುದು, ಗೊರಸಿಗೆ ಬೇವಿನೆಣ್ಣೆ ಹಚ್ಚುವುದು. ಒಂದು ಎತ್ತಿನ ಕಾಲಲ್ಲಿ ಹುಳ ಬಿದ್ದಾಗ ಮಾವನವರು ಒಂದೊಂದನ್ನೇ ಕಡ್ಡಿಯಿಂದ ತೆಗೆದು, ಎಲೆಯಲ್ಲಿಟ್ಟು, ತಿಪ್ಪೆಗೆ ಒಯ್ದು ಬಿಟ್ಟು ಬರುತ್ತಿದ್ದರು. ‘ಅದಕ್ಕೂ ಒಂದ ಹೊಟ್ಟಿ ಐತಿ’ ಎನ್ನುತ್ತಿದ್ದರು. ಮೂರು ವಾರದಲ್ಲಿ ನಾಲ್ಕೂ ದನ ಎದ್ದು ನಿಂತವು. ಆಕಳು ಮೊದಲ ಸಲ ಜೋಳದ ಕಣಿಕೆಯನ್ನು ಕರಕರ ಅಗಿದ ಸದ್ದು ಕೇಳಿದಾಗ, ತವರಿನಿಂದ ಯಾರೋ ಬಂದು ಮಾತಾಡಿಸಿದಷ್ಟು ಹಿತವಾಯಿತು. ಬೇನೆ ನಮ್ಮ ಬೂದಿಯ ಗೆರೆ ದಾಟಲಿಲ್ಲ. ಊರಿನ ಉಳಿದ ದನಗಳೆಲ್ಲ ನೆಟ್ಟಗಿದ್ದವು. ಮಳೆ ಬಿದ್ದಾಗ ನಮ್ಮ ಹೊಲವನ್ನು ಬಿತ್ತಿದ್ದು ಕಾಕಿಯ ಮನೆಯ ಎತ್ತುಗಳೇ.

ಬೇನೆ ಇಳಿದ ಮೇಲೆ ಗೋಕಾಕದಿಂದ ದನದ ಡಾಕ್ಟರರೊಬ್ಬರು ಚಾವಡಿಗೆ ಬಂದು ಎಲ್ಲರನ್ನೂ ಕೂಡಿಸಿ ಹೇಳಿದರಂತೆ. ಈ ಬೇನೆಯ ಬೀಜ ಕಣ್ಣಿಗೆ ಕಾಣದು, ಜೊಲ್ಲಿನಲ್ಲಿ ಇರುತ್ತದೆ, ಒಂದೇ ದೋಣಿಯಲ್ಲಿ ನೀರು ಕುಡಿದರೆ, ಒಂದನ್ನೊಂದು ನೆಕ್ಕಿದರೆ ಹಬ್ಬುತ್ತದೆ, ಜೊಲ್ಲು ಕಾಣಿಸುವುದಕ್ಕೆ ಮುಂಚೆಯೇ ಹಬ್ಬುತ್ತದೆ, ಹೊಸ ದನಕ್ಕೆ ಉಪ್ಪು ಸವರಿ ನೆಕ್ಕಿಸುವುದೆಂದರೆ ಬೇನೆಯನ್ನು ಕರೆದು ಮಣೆ ಹಾಕಿದಂತೆ. ಕೇಳಿ ಬಂದ ಕಾಕಿ ಅದೇ ಕಾಲಲ್ಲಿ ನಮ್ಮ ಮನೆಗೆ ಬಂದಳು, ಹಿಂದೆ ಇನ್ನೂ ನಾಲ್ಕು ಹೆಂಗಸರು. ಮಾವನವರು ಕಟ್ಟೆಯ ಮೇಲಿದ್ದರು. ನಾನು ಜೋಳ ಹಸನು ಮಾಡುತ್ತಿದ್ದೆ.

‘ಅಕ್ಕಾ, ಉಪ್ಪಿನಿಂದ ಆಗೇತಂತ! ಆವತ್ತ ಉಪ್ಪ ಯಾರ ಹಚ್ಚಿದ್ರ? ಹೊಸಾಕಿ ಕೈಲೆ ಹಚ್ಚಿಸಿದೇನ?’

ಕಾಲ್ಗುಣದಿಂದ ಪಾರಾದೆ ಎಂದುಕೊಂಡರೆ ಈಗ ಕೈಗುಣ! ಮೊರ ನನ್ನ ಕೈಯಲ್ಲಿ ನಿಂತಿತು. ಅತ್ತೆ ಸುಳ್ಳಾಡುವವರಲ್ಲ. ಇನ್ನು ನನ್ನ ಹೆಸರು ಬಂತು, ಊರ ಬಾಯಿಗೆ ಬಿದ್ದೆ.

ಅತ್ತೆ ಬಲಗೈ ಮುಂದೆ ಚಾಚಿ ಅಂಗೈ ತೋರಿಸಿದರು. ‘ನಾ ಹಚ್ಚೇನಿ. ಇದ ಕೈಲೆ. ಆ ಹುಡಗಿ ಕೊಟಗ್ಯಾಗ ಕಾಲ ಸೈತ ಇಟ್ಟಿದ್ದಿಲ್ಲ ಆವತ್ತ. ಮತ್ತ ಏನರೆ ಕೇಳೂದೈತೇನ?’

ಕಟ್ಟೆಯ ಮೇಲೆ ಮಾವನವರಿಗೆ ಒಮ್ಮೆಲೇ ಕೆಮ್ಮು ಬಂತು. ಎದ್ದು ಹೊಲದ ಕಡೆ ನಡೆದುಬಿಟ್ಟರು. ಅತ್ತೆ ಆವತ್ತು ಕಾಕಿಗೆ ಮಾತು ಕೊಟ್ಟಿದ್ದ ಸಕ್ಕರೆಯನ್ನು ತಂದು ಹಂಚಿದರು, ಹೆಂಗಸರು ಬಾಯಿಗೆ ಹಾಕಿಕೊಂಡು ಹೋದರು.

ಸಂಜೆ, ಹೊತ್ತು ಮುಳುಗುವ ಮುಂಚೆ, ಊಟಕ್ಕೆ ಕುಳಿತೆವು. ಅತ್ತೆಯ ತಾಟಿನಲ್ಲಿ ಬರೀ ರೊಟ್ಟಿ, ಸಪ್ಪೆ ಬೇಳೆ. ಉಪ್ಪು ಬಡಿಸಲು ಹೋದೆ, ಕೈ ಅಡ್ಡ ಹಿಡಿದರು. ‘ಇವತ್ತ ಉಪ್ಪ ಬಿಟ್ಟೇನಿ’ ಎಂದರು. ತಪ್ಪು ಮಾಡಿದಾಗ ಅವರು ತಮಗೆ ತಾವೇ ಹಾಕಿಕೊಳ್ಳುತ್ತಿದ್ದ ಶಿಕ್ಷೆ ಅದು.

‘ಅತ್ತೀ, ಉಪ್ಪ ಹಚ್ಚಿದಾಕಿ ನಾನ ಅಲ್ಲೇನ್ರಿ?’ ಎಂದೆ.

‘ಹಚ್ಚ ಅಂತ ಹೇಳಿದ ಬಾಯಿ ನಂದ. ನೀ ಸುಮ್ಮಕ ಉಣ್ಣ.’

ನಾನು ಬಟ್ಟಲಿಗೆ ಉಪ್ಪನ್ನು ವಾಪಸು ಸುರಿದು, ಅವರ ಪಕ್ಕದಲ್ಲಿ ಕುಳಿತು, ಸಪ್ಪೆ ಬೇಳೆಯನ್ನೇ ಉಂಡೆ. ಅವರು ನೋಡಿದರು, ಬೇಡವೆನ್ನಲಿಲ್ಲ.