ಎಕ್ಸ್ ಒತ್ತಿ ಮೂಡಿಸಿದ ಗಿಣಿ

ಕ್ರಾಸ್‌ಸ್ಟಿಚ್ ಕಸೂತಿಗೆ ನಕ್ಷೆ ಮಾಡುವ ಪುಕ್ಕಟೆ ಕಂಪ್ಯೂಟರ್ ಪ್ರೋಗ್ರಾಮ್ ಒಂದಿದೆ. ಓಪನ್ ಸೋರ್ಸ್. ತಪ್ಪು ಕಂಡರೆ ಯಾರು ಬೇಕಾದರೂ ತಿದ್ದಬಹುದು ಅಂತ ವೆಬ್‌ಸೈಟಿನ ಮುಂಬಾಗಿಲಲ್ಲೇ ಬರೆದುಕೊಂಡಿದ್ದಾರೆ. ನಾನು ನಂಬಿಬಿಟ್ಟೆ!

ಹೊಳಲ್ಕೆರೆಯಿಂದ ನಾದಿನಿ ಬಸ್ಸಿನಲ್ಲಿ ದುರ್ಗಕ್ಕೆ ಬಂದಾಗಲೆಲ್ಲ ಇಬ್ಬರೂ ಕೂತು ಟೇಬಲ್ ಕ್ಲಾತಿಗೆ ಗಿಣಿ ಹೊಲಿಯುತ್ತಿದ್ದೆವು. ನಕ್ಷೆಯಲ್ಲಿ ಬಣ್ಣಕ್ಕೊಂದು ಗುರುತಿರಬೇಕು; ಪ್ರಿಂಟ್ ತೆಗೆದರೆ ಹಸಿರಿಗೂ ನೀಲಿಗೂ ಒಂದೇ ಗುರುತು, ಎಕ್ಸ್. ರೆಕ್ಕೆ ಎಲ್ಲಿ ಮುಗಿಯಿತು, ಹೊಟ್ಟೆ ಎಲ್ಲಿ ಶುರುವಾಯಿತು, ದೇವರೇ ಬಲ್ಲ. ಗುರುತು ಬದಲಾಗದೆ ನಮ್ಮ ಗಿಣಿ ಮುಗಿಯುವಂತಿರಲಿಲ್ಲ.

ಗುರುತುಗಳ ಫೈಲಿನಲ್ಲಿ ನೀಲಿಗೆ ಓ ಹಾಕಿ, ಪ್ರೋಗ್ರಾಮ್ ನೋಡಿಕೊಳ್ಳುವವರ ಇಮೇಲ್ ಗುಂಪಿಗೆ ಕಳಿಸಿದೆ. ಕಾನ್ವೆಂಟಿನಲ್ಲಿ ಕಲಿತ ಲೆಟರ್ ರೈಟಿಂಗ್ ಬಿಟ್ಟೀತೇ? ಡಿಯರ್ ಸರ್, ತಾವು ಕ್ಷೇಮವೆಂದು ನಂಬಿದ್ದೇನೆ, ಇತ್ಯಾದಿ. ಹಿಂದೆ ರೋಜಾಹೂವಿನ ಬ್ಯಾಕ್‌ಗ್ರೌಂಡ್. ಜೊತೆಗೆ ಗಿಣಿಯ ಫೋಟೋ.

ಅಲ್ಲೊಬ್ಬ ಹಿರಿಯ, ಯಾವ ದೇಶದವನೋ. ಅವನು ಒಪ್ಪದೆ ಯಾವ ತಿದ್ದುಪಡಿಯೂ ಒಳಗೆ ಹೋಗದು. ಮುಖದ ಜಾಗದಲ್ಲಿ ಬಸವನಹುಳುವಿನ ಚಿತ್ರ. ಉತ್ತರ ಬಂತು: ಗ್ರೀಟಿಂಗ್ಸ್ ಬೇಡ. ಬಣ್ಣ ಬೇಡ. ಫೋಟೋ ಬೇಡ. ಪ್ಲೇನ್ ಟೆಕ್ಸ್ಟ್ ಮಾತ್ರ, ಬರೀ ಅಕ್ಷರ.

ಮತ್ತೆ ಬರೆದೆ. ಇನ್ನೊಬ್ಬ ಹಾರಿಬಂದ: ನಿಮ್ಮ ಉತ್ತರವನ್ನು ಅವರ ಪತ್ರದ ಮೇಲ್ಗಡೆ ಬರೆದಿದ್ದೀರಿ, ಕೆಳಗೆ ಬರೆಯಬೇಕು. ಮಗದೊಬ್ಬನಿಗೆ ನಾನು ಮೌಸ್ ಹಿಡಿಯುತ್ತೇನೆಂದು ತಿಳಿದು ಕನಿಕರ. ಕೀಬೋರ್ಡೇ ಸರ್ವಸ್ವವಂತೆ, ಮೌಸ್ ಮುಟ್ಟಿದರೆ ಮೈಲಿಗೆ!

"ಏನ್ರಿ ಅತ್ತಿಗೆ, ನಮ್ಮವ್ವನ ಮಡಿಗಿಂತ ಜೋರೈತಲ್ರಿ ಇವ್ರದ್ದು!" ನಾದಿನಿ ಬಿದ್ದು ಬಿದ್ದು ನಕ್ಕಳು. "ಬಿಟ್ಹಾಕ್ರಿ. ಗಿಣಿ ಬದ್ಲು ಬಾಳೆಹಣ್ಣು ಹೊಲಿಯಾಣ, ಒಂದೇ ಬಣ್ಣ."

"ಸುಮ್ನಿರೇ, ನಾನು ಬಿಡಲ್ಲ."

ನಿಜವಾಗಿ ನನಗೆ ಮಜಾ ಹತ್ತಿತ್ತು. ಮಾರ್ಜಿನ್ ಇಲ್ಲದ ನೋಟ್‌ಬುಕ್ಕನ್ನು ಕಿಟಕಿಯಾಚೆ ಎಸೆಯುತ್ತಿದ್ದ ನಮ್ಮ ಕಾನ್ವೆಂಟಿನ ಸಿಸ್ಟರ್, ಎಷ್ಟೋ ಕಾಲದ ಮೇಲೆ ಮತ್ತೆ ಎದುರು ನಿಂತ ಹಾಗೆ. ಪಾಪ, ಟೈಪ್‌ರೈಟರಿನಲ್ಲಿ ಬರೀ ಅಕ್ಷರ ಒತ್ತಿ ಹೂಬುಟ್ಟಿ, ಕ್ರಿಸ್‌ಮಸ್ ಗಂಟೆ ಮೂಡಿಸಲು ಕಲಿಸಿದ್ದೂ ಅವರೇ.

ಫೋಟೋ ಬೇಡ ತಾನೆ? ಗಿಣಿಯನ್ನೇ ಟೈಪ್ ಮಾಡಿದೆ. ಮೊದಲನೆಯದಕ್ಕೆ ಮೈತುಂಬ ಎಕ್ಸ್, ಬರೀ ಮುದ್ದೆ. ಕೆಳಗೆ ಇನ್ನೊಂದು, ಹಸಿರಿಗೆ ಎಕ್ಸ್, ನೀಲಿಗೆ ಓ. ರೆಕ್ಕೆ ಫಟ್ಟನೆ ಎದ್ದು ಬಂತು! ಕ್ಷೇಮಸಮಾಚಾರ ಇಲ್ಲದೆ, ಅವರ ಪತ್ರದ ಕೆಳಗೇ ಇಟ್ಟು, ಮೌಸ್ ಮುಟ್ಟದೆ ಕಳಿಸಿದೆ.

ಬೆಳಿಗ್ಗೆ ನೋಡಿದರೆ ಇಡೀ ಗುಂಪಿಗೆ ಹುಚ್ಚು ಹಿಡಿದಿದೆ. ಅಕ್ಷರದಲ್ಲಿ ಚಿತ್ರ ಬಿಡಿಸುವುದು ಆ ಕಟ್ಟುನಿಟ್ಟಿನವರಿಗೆಲ್ಲ ಪ್ರಾಣವಂತೆ! ಒಬ್ಬ ಬೆಕ್ಕು ಕಳಿಸಿದ್ದ, ಒಬ್ಬ ಆನೆ. ಗಿಣಿಯ ಬಾಲ ಉದ್ದವಾಯಿತೆಂದು ಇಬ್ಬರು ಜಗಳಕ್ಕೇ ಬಿದ್ದಿದ್ದರು. ಎಲ್ಲದರ ಕೆಳಗೆ ಬಸವನಹುಳುವಿನ ಒಂದೇ ಮಾತು: ಅಕ್ಸೆಪ್ಟೆಡ್.

ಅಡುಗೆಮನೆವರೆಗೂ ಕುಣಿದುಕೊಂಡೇ ಹೋದೆ, ಮಂಡಿನೋವಿನ ನೆನಪೂ ಆಗಲಿಲ್ಲ. ವಾಪಸ್ ಬಂದು ನೋಡಿದರೆ ನಾದಿನಿ ಕನ್ನಡಕ ಏರಿಸಿ ಸ್ಕ್ರೀನಿಗೆ ಮೂಗು ತಾಗಿಸಿದ್ದಳು.

"ಅತ್ತಿಗೆ, ಈ ಆನೆ ಯಾರ್ದ್ರಿ? ಎಷ್ಟು ಚಂದೈತೆ! ಇದನ್ನೂ ಪ್ರಿಂಟ್ ತೆಗೀರಿ, ಗಿಣಿ ಪಕ್ಕಕ್ಕೆ ಹೊಲಿಯಾಣ."