ರೆಕ್ಕೆಯ ಕೆಳಗಿನ ಅಕ್ಷರಗಳು

ನಾನು ಬೀರಪ್ಪನಿಗೆ ಸುಳ್ಳು ಹೇಳಿದೆ. ಆ ಸುಳ್ಳಿನಿಂದಾಗಿ ಏನೂ ತಪ್ಪು ಮಾಡದ ಆ ಮನುಷ್ಯ, ಹೆಂಡತಿಯನ್ನು ಕೊಂದವನೆಂಬ ಹೆಸರು ಹೊತ್ತು ಬದುಕಿದ. ನಾನು ಅದನ್ನು ನೋಡುತ್ತ ಅದೇ ಊರಿನಲ್ಲಿದ್ದೆ.

ಅವನು ಕೇಳಿದ್ದು ಇಷ್ಟೇ. "ಅಕ್ಕಾವ್ರ, ಗಾಡಿಗಿ ನಂಬರ ಇರತೈತಲ್ರಿ, ಹಂಗ ವಿಮಾನಕ್ಕೂ ಇರತೈತೇನ್ರಿ?"

"ಇರತೈತಿ ಬೀರಪ್ಪ. ಆದ್ರ ಕೆಳಗ ನಿಂತವ್ರಿಗಿ ಕಾಣಂಗಿಲ್ಲ" ಎಂದೆ.

ಕಾಣುತ್ತದೆ. ನಾನು ಓದಿದ್ದೆ.

ಆಗ ನಾನು ಕುಣಿಕೋಣೂರಿನ ಕನ್ನಡ ಸಾಲೆಯಲ್ಲಿ ಶಿಕ್ಷಕಿ, ಊರಿಗೆಲ್ಲ ಅಕ್ಕಾವ್ರು. ಗಂಡ ತೀರಿಕೊಂಡ ಮೇಲೆ ಮಗಳು ನಿರ್ಮಲಾಳೇ ನನಗೆ ಎಲ್ಲ. ಅವಳು ಪೈಲಟ್ ಆಗುತ್ತೇನೆಂದಾಗ ಯಳವಿ ಊರಿನಲ್ಲಿದ್ದ ನನ್ನ ಭಾವ, ಗಂಡನ ಅಣ್ಣ, ನಕ್ಕಿದ್ದರು. "ಹುಡುಗಿ ಮ್ಯಾಲ ಹಾರಾಕತ್ರ ಕೆಳಗ ಆಕಿಗಿ ಗಂಡ ಹುಡಕವ್ರು ಯಾರು?" ಎಂದು ಮಂದಿಯ ಮುಂದೆಯೇ ಆಡಿದ್ದರು. ಆ ಮಾತು ನನ್ನೊಳಗೆ ಮುಳ್ಳಿನಂತೆ ಉಳಿದಿತ್ತು. ಅದನ್ನು ನೆಪವಾಗಿ ಹೇಳುತ್ತಿಲ್ಲ — ನಡೆದದ್ದನ್ನು ನಡೆದ ಹಾಗೆ ಹೇಳಬೇಕೆಂದು ಹೇಳುತ್ತಿದ್ದೇನೆ.

ನಿರ್ಮಲಾ ದೂರದ ಒಂದು ತರಬೇತಿ ಶಾಲೆಯಲ್ಲಿ ವಿಮಾನ ನಡೆಸಲು ಕಲಿಯುತ್ತಿದ್ದಳು. ನಾನು ಒಮ್ಮೆ ನೋಡಲು ಹೋದಾಗ ತಾನು ಹಾರಿಸುವ ಪುಟ್ಟ ಬಿಳಿ ವಿಮಾನದ ಬಳಿಗೆ ಕರೆದೊಯ್ದಳು. ಅದರ ಮೈಮೇಲೆ ದೊಡ್ಡದಾಗಿ ಇಂಗ್ಲಿಷಿನ ಐದು ಅಕ್ಷರ. ಮೊದಲು ವಿ, ಟಿ, ಒಂದು ಗೀಟು, ಆಮೇಲೆ ಮೂರು ಅಕ್ಷರ.

"ವಿ ಟಿ ಅಂದ್ರ ನಮ್ಮ ದೇಶದ ಗುರತವ್ವಾ. ಒಂದೊಂದ ದೇಶಕ್ಕ ಒಂದೊಂದು. ಮುಂದಿನ ಮೂರು ಇದರ ಸ್ವಂತದ್ದು. ರೇಡಿಯೋದಾಗ ಇದನ್ನ ಹೇಳೇ ನಮ್ಮನ್ನ ಕರೀತಾರ" ಎಂದಳು.

ಬಗ್ಗಿ ಎಡರೆಕ್ಕೆಯ ಕೆಳಭಾಗವನ್ನೂ ತೋರಿಸಿದಳು. ಅಲ್ಲಿ ಅದೇ ಅಕ್ಷರಗಳು ಇನ್ನೂ ದೊಡ್ಡದಾಗಿದ್ದವು. ಕೆಳಗೆ ನಿಂತವರು ಓದಲೆಂದೇ ಅಲ್ಲಿ ಬರೆಯುವುದಂತೆ. ಅವೇ ಅಕ್ಷರಗಳನ್ನು ಕೊರೆದ, ಬೆಂಕಿಗೂ ಕರಗದ ಲೋಹದ ಪಟ್ಟಿಯೊಂದು ಬಾಗಿಲ ಹತ್ತಿರ ಇತ್ತು. ವಿಮಾನವೆಲ್ಲ ಸುಟ್ಟುಹೋದರೂ ಅದು ಯಾವುದೆಂದು ತಿಳಿಯಬೇಕಲ್ಲ. ದೇಶದ ವಿಮಾನಗಳ ನೋಂದಣಿ ಯಾರು ಬೇಕಾದರೂ ನೋಡುವ ಹಾಗೆ ಇದೆ, ಅಕ್ಷರ ಹಾಕಿದರೆ ಮಾಲೀಕ ಯಾರೆಂದು ಬರುತ್ತದೆ ಎಂದೂ ಹೇಳಿದಳು. ಒಂದೇ ಗುರುತು ಏಕಕಾಲಕ್ಕೆ ಎರಡು ವಿಮಾನಗಳಿಗೆ ಇರುವುದಿಲ್ಲ. ಇಷ್ಟೆಲ್ಲ ನನಗೆ ಗೊತ್ತಿತ್ತು. ಬೀರಪ್ಪ ಕೇಳಿದಾಗಲೂ ಗೊತ್ತಿತ್ತು.

ಕೆಲವು ತಿಂಗಳ ಮೇಲೆ ಅವಳು ಫೋನ್ ಮಾಡಿದಳು. ಒಬ್ಬಳೇ ದೂರ ಹಾರುವ ದಿನ ಬಂದಿತ್ತು, ದಾರಿ ನಮ್ಮ ಭಾಗದ ಮೇಲಿಂದಲೇ ಇತ್ತು.

"ಒಮ್ಮಿ ಕೆಳಗ ಬಂದ ಹೋಗ. ನಿಮ್ಮ ದೊಡ್ಡಪ್ಪನ್ನೂ ಕರಸ್ತೀನಿ, ನೋಡ್ಲಿ" ಎಂದೆ.

"ಹಂಗ ಬರಾಕ ಬಿಡಂಗಿಲ್ಲವ್ವಾ. ತಿಳೀತಂದ್ರ ಲೈಸೆನ್ಸೇ ಸಿಗಂಗಿಲ್ಲ."

"ಈ ಬಯಲಾಗ ಯಾರಿಗಿ ತಿಳೀತೈತಿ? ನನ್ನ ಸಲುವಾಗಿ ಬಾ."

ನನ್ನ ಸಲುವಾಗಿ — ಆ ಮಾತು ಆಡಿದವಳು ನಾನು.

ಅವಳು ಬಂದಳು. ನಾನು, ನನ್ನ ಭಾವ, ಓಣಿಯ ಮಂದಿ ಮಾಳಿಗೆಯ ಮೇಲೆ ನಿಂತಿದ್ದೆವು. ವಿಮಾನ ಬೇವಿನ ಗಿಡದ ತುದಿ ಅಲುಗುವಷ್ಟು ಕೆಳಗೆ ಬಂತು. ಎಡರೆಕ್ಕೆಯ ಅಕ್ಷರಗಳನ್ನು ಒಂದೊಂದಾಗಿ ಓದಿದೆ. ಭಾವನವರು ಬಾಯಿ ತೆರೆದು ನಿಂತಿದ್ದರು. ವಿಮಾನ ಗುಡ್ಡದ ಕಡೆ ಹೊರಳಿ, ಅಷ್ಟೇ ಕೆಳಗೆ ಹಾರುತ್ತ ಮರೆಯಾಯಿತು. ನಾನು ಎಲ್ಲರಿಗೂ ಪೇಡೆ ಹಂಚಿದೆ.

ಗುಡ್ಡದ ಹಿಂದೆ ಬಿಟ್ಟುಹೋದ ಕಲ್ಲಿನ ಖಣಿಯೊಂದಿದೆ. ಅದರ ದಂಡೆಯಲ್ಲಿ ಬೀರಪ್ಪ ಮತ್ತು ಅವನ ಹೆಂಡತಿ ಮಾಳವ್ವ ಕುರಿ ಮೇಯಿಸುತ್ತಿದ್ದರು. ತಲೆಯ ಮೇಲೆ ಆ ಸದ್ದು ಬಂದದ್ದೇ ಕುರಿಗಳು ಒಟ್ಟಾಗಿ ಖಣಿಯ ಕಡೆ ಓಡಿದವು. ಮಾಳವ್ವ ಎರಡೂ ಕೈ ಚಾಚಿ ಅಡ್ಡ ನಿಂತಳು. ಬೆದರಿದ ಹಿಂಡು ನಿಲ್ಲುತ್ತದೆಯೇ — ಅವಳನ್ನು ನೂಕಿಕೊಂಡೇ ಕೆಳಗೆ ಬಿತ್ತು. ಬೀರಪ್ಪ ಹಿಂಡಿನ ಇನ್ನೊಂದು ತುದಿಯಿಂದ ಓಡಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಕುರಿಗಳ ಕೆಳಗಿಂದ ಅವಳನ್ನು ಎತ್ತಿದನಂತೆ.

ಸುದ್ದಿ ಬಂದಾಗ ಪೇಡೆಯ ಡಬ್ಬಿ ಇನ್ನೂ ನನ್ನ ಕೈಯಲ್ಲೇ ಇತ್ತು.

ಮಣ್ಣು ಮಾಡಿದ ಮೇಲೆ ಬೀರಪ್ಪ ಜತ್ತದ ಪೊಲೀಸ್ ಠಾಣೆಗೆ ಹೋದ. ಯಾವ ವಿಮಾನ, ನಂಬರೇನು ಎಂದು ಕೇಳಿದರಂತೆ. ಅವನಿಗೆ ಓದು ಬಾರದು. ಅದಕ್ಕೇ ನನ್ನ ಬಳಿ ಬಂದಿದ್ದ. ನನ್ನ ಉತ್ತರ ಕೇಳಿ ತಲೆಯಾಡಿಸಿದ. "ನೀವ ಓದಾಕ ಆಗಂಗಿಲ್ಲ ಅಂದ್ರ ಮತ್ಯಾರಿಗಿ ಆಗತೈತಿ ಬಿಡ್ರಿ" ಎಂದು ಎದ್ದು ಹೋದ.

ಇನ್ನು ಮಂದಿಯ ಮಾತು. ಮಾಳವ್ವನ ಅಣ್ಣಂದಿರು ಸೋನ್ಯಾಳದವರು. ಗಂಡಹೆಂಡಿರ ನಡುವೆ ಆ ವಾರ ಏನೋ ಜಗಳವಾಗಿತ್ತೆಂದು ಯಾರೋ ಅವರ ಕಿವಿಗೆ ಹಾಕಿದರು. "ವಿಮಾನಾ ಬಂದ ಕೊಂದಿತಂತ! ನೂಕಿ ಕೊಂದಾನ ಇಂವ" ಎಂದು ಊರ ನಡುವೆ ನಿಂತು ಕೂಗಿದರು. ವಿಮಾನ ನೋಡಿದವರು ನಮ್ಮ ಓಣಿಯಲ್ಲೇ ಇದ್ದರು. ಆದರೆ ಅದು ನಿರ್ಮಲಾಳದ್ದೆಂದೂ ಅವರಿಗೆ ಗೊತ್ತಿತ್ತು — ನನ್ನ ಮುಖ ನೋಡಿ ಸುಮ್ಮನಾದರು. ನನ್ನ ಭಾವ ಮೊದಲು ಸುಮ್ಮನಾದರು.

ಬೀರಪ್ಪನ ಮಗಳು ಲಕ್ಕವ್ವ ನನ್ನ ವರ್ಗದಲ್ಲಿದ್ದಳು. ಸೋದರಮಾವಂದಿರು ಅವಳನ್ನು ಕರೆದೊಯ್ಯಲು ಸಾಲೆಗೇ ಬಂದರು. ಹೊರಡುವಾಗ ಆ ಮಗು ನನ್ನ ಸೀರೆಯ ಸೆರಗು ಹಿಡಿದು, "ಅಕ್ಕಾವ್ರ, ನಮ್ಮಪ್ಪ ಅವ್ವನ್ನ ನೂಕಿದ್ನೇನ್ರಿ?" ಎಂದಳು.

"ನನಗ ಗೊತ್ತಿಲ್ಲವ್ವಾ" ಎಂದೆ.

ಬೀರಪ್ಪನಿಗೆ ಹೇಳಿದ ಸುಳ್ಳನ್ನು ನನ್ನ ಮಗಳಿಗಾಗಿ ಹೇಳಿದೆ ಎಂದುಕೊಳ್ಳಬಹುದಿತ್ತು. ಇದನ್ನು? ಇದನ್ನು ಯಾರಿಗಾಗಿ — ನನಗೆ ಈಗಲೂ ಗೊತ್ತಾಗುವುದಿಲ್ಲ.

ವರ್ಷಗಳು ಹೋದವು. ನಿರ್ಮಲಾ ದೊಡ್ಡ ವಿಮಾನಗಳ ಪೈಲಟ್ ಆದಳು. ಅವಳಿಗೂ ನಾನು ಏನೂ ಹೇಳಿರಲಿಲ್ಲ. ಆಗಾಗ ಮೊಬೈಲಿನಲ್ಲಿ ಆ ಐದು ಅಕ್ಷರ ಹುಡುಕುತ್ತಿದ್ದೆ. ಒಂದು ದಿನ, ವಿಮಾನ ಗುಜರಿಗೆ ಹೋಗಿ ನೋಂದಣಿ ರದ್ದಾಗಿದೆ ಎಂದು ಬಂತು. ಮೈ ಹಗುರಾಯಿತು — ಅದನ್ನು ಬರೆಯಲು ನಾಚಿಕೆಯಾಗುತ್ತದೆ. ನೋಂದಣಿ ರದ್ದಾದರೂ ಅಂದು ಅದು ಯಾರದಾಗಿತ್ತು ಎಂಬುದು ಅಳಿಯುವುದಿಲ್ಲ ಎಂದು ತಿಳಿದೂ ನೆಮ್ಮದಿಪಟ್ಟೆ.

ಈ ವರ್ಷ ಸೋನ್ಯಾಳದಲ್ಲಿ ಲಕ್ಕವ್ವನ ಮದುವೆ. ಹಳೆಯ ಅಕ್ಕಾವರೆಂದು ನನ್ನನ್ನು ಕರೆದಿದ್ದಳು, ಮುಂದಿನ ಸಾಲಿನಲ್ಲಿ ಕೂರಿಸಿದರು. ಅಕ್ಷತೆ ಹಾಕಿ ಹಿಂತಿರುಗಿ ನೋಡಿದೆ. ಚಪ್ಪರದ ಹೊರಗೆ, ರಸ್ತೆಯ ಆಚೆ, ಬಿಸಿಲಲ್ಲಿ ಬೀರಪ್ಪ ನಿಂತಿದ್ದ. ಮಡಿ ಧೋತರ, ತಲೆಗೆ ಹೊಸ ಪಟಗ. ಒಳಗೆ ಬಾ ಎನ್ನುವವರಿಲ್ಲ. ಅವನೂ ಬರುವ ಹಾಗೆ ನಿಂತಿರಲಿಲ್ಲ — ನೋಡಿದರೆ ಸಾಕೆನ್ನುವ ಹಾಗೆ ನಿಂತಿದ್ದ. ನಾನು ಊಟ ಮಾಡದೆ ಎದ್ದುಬಂದೆ.

ಮನೆಗೆ ಬಂದು ನಿರ್ಮಲಾಳಿಗೆ ಫೋನ್ ಮಾಡಿ ಎಲ್ಲ ಹೇಳಿದೆ.

"ಕುರಿ ಓಡಿದ್ದು ನಾ ನೋಡಿದ್ನಿ ಅವ್ವಾ. ಮನಿಷ್ಯಾರು ಇದ್ರು ಅಂತ ಗೊತ್ತಿರಲಿಲ್ಲ." ಆಮೇಲೆ ದನಿ ಬದಲಾಯಿತು. "ನಿನಗ ಗೊತ್ತಿತ್ತು. ಇಷ್ಟ ವರ್ಷ ನಿನಗ ಗೊತ್ತಿತ್ತು."

"ಹೂಂ."

"ಜತ್ತಕ್ಕ ಹೋಗಿ ಅಕ್ಷರಾ ಬರಸಿ ಕೊಡ. ನನ್ನ ಹೆಸರೂ ಬರಸ. ನಾನೂ ಇಲ್ಲಿ ಕಂಪನ್ಯಾಗ ಹೇಳ್ತೀನಿ."

ಬರೆಸಿಕೊಟ್ಟೆ. ಅವಳೂ ಹೇಳಿದಳು. ಈಗ ಅವಳು ಹಾರುತ್ತಿಲ್ಲ. ಮುಂದೆ ಏನಾಗುತ್ತದೋ — ನನಗೆ ಫೋನ್ ಮಾಡುವುದನ್ನೂ ಬಿಟ್ಟಿದ್ದಾಳೆ.

ನಾನು ಹೋದಾಗ ಬೀರಪ್ಪ ತನ್ನ ಹಟ್ಟಿಯ ಮುಂದೆ ಕೂತಿದ್ದ. ನಿಂತುಕೊಂಡೇ ಹೇಳಿದೆ. ಕಾಲು ಹಿಡಿಯಲು ಬಗ್ಗಿದರೆ ಕಾಲು ಹಿಂದಕ್ಕೆಳೆದುಕೊಂಡ. ಬೈಯಲಿಲ್ಲ.

"ವಿಮಾನಾ ಬಂದಿದ್ದು ನನಗ ಗೊತ್ತೇ ಐತಲ್ರಿ. ನನಗ್ಯಾಕ ಹೇಳಾಕತ್ತೀರಿ?" ಎಂದ. "ಗೊತ್ತಿಲ್ದಾಕಿಗಿ ಹೋಗಿ ಹೇಳ್ರಿ."

ಲಕ್ಕವ್ವ ತವರಿಗೆಂದು ಸೋನ್ಯಾಳಕ್ಕೆ ಬಂದ ದಿನ ಹೋದೆ. "ಕುಂದ್ರಿ ಅಕ್ಕಾವ್ರ, ಚಹಾ ಮಾಡ್ತೀನಿ" ಎಂದಳು. ಕೂರಲಿಲ್ಲ. ಮಾವಂದಿರ ಎದುರಿಗೇ ಹೇಳಿದೆ — ನಾನು ಮಗಳನ್ನು ಕರೆದದ್ದು, ಓದಿದ್ದು, ಮುಚ್ಚಿಟ್ಟದ್ದು, ಸಾಲೆಯ ಬಾಗಿಲಲ್ಲಿ ಅವಳಿಗೇ ಹೇಳಿದ ಸುಳ್ಳು. ಒಬ್ಬ ಮಾವ ಎದ್ದು ನಿಂತ, ಮತ್ತೆ ಕೂತ. ಲಕ್ಕವ್ವ ಅಳಲಿಲ್ಲ. ಒಲೆಯ ಮೇಲಿನ ಪಾತೆಲಿ ಇಳಿಸಿದಳು, ಒಲೆ ಆರಿಸಿದಳು, ಸೆರಗು ಸರಿಮಾಡಿಕೊಂಡು ಚಪ್ಪಲಿ ಮೆಟ್ಟಿದಳು.

"ಅಪ್ಪ ಹಟ್ಟ್ಯಾಗ ಅದಾನೇನ್ರಿ?"

"ಅದಾನ."

ಅವಳು ರಸ್ತೆಗೆ ಇಳಿದಳು. ನಾನೂ ಹಿಂದೆ ನಾಲ್ಕು ಹೆಜ್ಜೆ ಹಾಕಿದೆ. ಅವಳು ನಿಂತಳು, ತಿರುಗಿ ನೋಡಲಿಲ್ಲ.

"ನೀವ ಬರಬ್ಯಾಡ್ರಿ" ಎಂದಳು.

ನಾನು ಹೋಗಲಿಲ್ಲ.