ಗಂಡನ ಹೆಸರು ಕೇಳಿದ ಡಾಕ್ಟರ್

ಮೊನ್ನೆ ರಾಯಚೂರಿನ ದವಾಖಾನೆಯಲ್ಲಿ ಸೂಜಿ ಚುಚ್ಚುವ ಮುಂಚೆ ನನ್ನ ತೋಳಿಗೆ ಸ್ಪಿರಿಟ್ ಒರೆಸಿದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಲವತ್ತರ ದಶಕದ ನಮ್ಮ ಮಾನ್ವಿಯ ಪಡಸಾಲೆ, ಅಲ್ಲಿ ಚಾಪೆಯ ಮೇಲೆ ನೋಟ್‌ಬುಕ್ ಬಿಚ್ಚಿ ಕೂತ ಡಾಕ್ಟರ್ ಸಾಹೇಬರು...

ಹೈದರಾಬಾದಿನಲ್ಲಿ ಓದಿ ರಾಯಚೂರಿಗೆ ಬಂದವರು. ವಾರಕ್ಕೊಂದು ದಿನ ಮಾನ್ವಿ, ಇನ್ನೊಂದು ದಿನ ದೇವದುರ್ಗ ಸುತ್ತಿ, ಮುದುಕ ಮುದುಕಿಯರ ಮರೆವನ್ನು ಪರೀಕ್ಷಿಸಿ ಬರೆದುಕೊಳ್ಳುವುದು ಅವರ ಸಂಶೋಧನೆ. ಊರಿಗೆಲ್ಲ ನಗೆ. ನಮ್ಮ ಮಾವನವರಂತೂ ಮುಖದ ಮೇಲೇ ಅಂದರು: "ಅರವತ್ತಕ್ಕ ಅರಳು ಮರಳು ಅಂತ ಗಾದೀನ ಅದ. ಅದಕ್ಕ ಡಾಕ್ಟರ್ ಯಾಕ ಬೇಕ್ರೀ?"

"ವಯಸ್ಸಿಗೇ ಬರೂದಾದ್ರ, ಎಂಬತ್ತಾದ ನಿಮ್ಮ ಅಕ್ಕಾರಿಗೆ ಯಾಕ ಬಂದಿಲ್ರೀ? ಇದು ಮಿದುಳಿನ ಬ್ಯಾನಿ" ಎಂದರು ಡಾಕ್ಟರ್.

ಬಾಗಿಲ ಮರೆಯಲ್ಲಿ ನಿಂತಿದ್ದ ನನಗೆ ಹೋದ ಜೀವ ಬಂದಂತಾಯಿತು. ಯಾಕೆಂದರೆ ನಮ್ಮ ಅತ್ತೆ ಹೊಟ್ಟೆತುಂಬ ಉಂಡು, ಕೈತೊಳೆದು, ಓಣಿಯವರ ಮುಂದೆ ಹೋಗಿ, "ಮುಂಜಾನಿಂದ ಒಂದು ತುತ್ತು ಹಾಕಿಲ್ಲ ನೋಡ್ರೀ ಈಕಿ" ಎಂದು ಅಳುತ್ತಿದ್ದರು. ಓಣಿ ನಂಬಿತು. ಕೈಹಿಡಿದ ನಮ್ಮವರೂ ನಂಬಿದರು. ನನ್ನನ್ನು ದೇವದುರ್ಗದ ತವರಿಗೆ ಕಳಿಸಿಬಿಡುವ ಮಾತು ನಡೆದಿತ್ತು. ಅತ್ತೆಗೆ ರೋಗವೆಂದಾದರೆ ನಾನು ಉಳಿದೆ, ಇಲ್ಲವೆಂದರೆ ನಾನೇ ಸುಳ್ಳಿ.

ಮಾವನವರು ಹೊರಗೆ ಹೋದ ಮೇಲೆ ಡಾಕ್ಟರ್ ಅತ್ತೆಗೆ ಪ್ರಶ್ನೆ ಕೇಳಿದರು. ಊರು ಯಾವುದು, ವಾರ ಯಾವುದು, ಮಕ್ಕಳೆಷ್ಟು. ಎಲ್ಲಕ್ಕೂ ಉತ್ತರ ಬಂತು. ಕೊನೆಗೆ, "ನಿಮ್ಮ ಯಜಮಾನರ ಹೆಸರೇನ್ರೀ ತಾಯಿ?" ಎಂದರು.

ಅತ್ತೆ ಗೋಡೆಯ ಕಡೆ ತಿರುಗಿ ಕೂತರು. ಡಾಕ್ಟರ್ ಮತ್ತೆ ಕೇಳಿದರು, ಅತ್ತೆ ಸೆರಗನ್ನು ಇನ್ನಷ್ಟು ಮುಂದಕ್ಕೆಳೆದುಕೊಂಡರು. ಮರೆತಿದ್ದಾರೆಂದು ಬರೆದುಕೊಂಡು ಎದ್ದರು. ತಾಯಿಯಿಲ್ಲದೆ ಹಾಸ್ಟೆಲಿನಲ್ಲಿ ಬೆಳೆದ, ಮದುವೆಯಾಗದ ಗಂಡಸು ಪಾಪ! ಗಂಡನ ಹೆಸರು ಹಿಡಿದರೆ ಅವನ ಆಯುಸ್ಸು ಕಡಿಮೆಯಾಗುತ್ತದೆಂದು ನಾವು ಹೆಂಗಸರು ಸತ್ತರೂ ಹೇಳುವುದಿಲ್ಲ. ಅದು ಅವರಿಗೇನು ಗೊತ್ತು? ನನಗೆ ಗೊತ್ತಿತ್ತು. ಆದರೂ ಬಾಯಿ ಬಿಡಲಿಲ್ಲ. ಅವರು ನಮ್ಮವರಿಗೆ "ಬ್ಯಾನಿನ ಅದರೀ" ಎಂದಷ್ಟೇ ಹೇಳಿ ಹೋದರು. ತವರಿನ ಮಾತು ನಿಂತಿತು.

ಮೂರು ವಾರದ ಮೇಲೆ ಮತ್ತೆ ನಮ್ಮ ಮನೆಗೆ ಬಂದಾಗ ಅವರ ಮುಖ ಬಾಡಿತ್ತು. ಎರಡು ವರ್ಷದ ಬರಹ ಕೂಡಿಸಿ ನೋಡಿದರೆ, ಎರಡೂ ಊರಿನ ಹೆಂಗಸರೆಲ್ಲ ಆ ಪ್ರಶ್ನೆಗೆ ಸೊನ್ನೆ. ಮಾವನವರ ಆ ಚುರುಕಾದ ಅಕ್ಕನಿಗೂ ಸೊನ್ನೆ! "ಎಲ್ಲೋ ತಪ್ಪೀನಿ. ಎಲ್ಲಿ ಅಂತ ತಿಳೀವಲ್ದು" ಎಂದು ತಮ್ಮಷ್ಟಕ್ಕೆ ಗೊಣಗಿದರು.

ನನಗೆ ತಡೆಯಲಾಗಲಿಲ್ಲ. "ಅವರು ಮರ್ತಿಲ್ರೀ ಸಾಹೇಬ್ರ. ಗಂಡನ ಹೆಸರು ನಾವು ಹೇಳಂಗಿಲ್ಲ, ಅಷ್ಟ."

ಡಾಕ್ಟರ್ ಗೊಳ್ಳನೆ ನಕ್ಕು, ಒಂದೊಂದೇ ಪುಟಕ್ಕೆ ಗೀಟು ಎಳೆಯುತ್ತ ಹೋದರು. ಎರಡು ವರ್ಷದ ದುಡಿಮೆ! ಮುಂದಿನ ವಾರ ಮಾನ್ವಿಯ ಮೊದಲ ಮನೆಯಿಂದ ಮತ್ತೆ ಶುರು. ಅಬ್ಬಾ, ತಪ್ಪು ಒಪ್ಪಿಕೊಂಡ ಗಂಡಸನ್ನು ನಾನು ಕಂಡದ್ದು ಅದೇ ಮೊದಲು. ಕೈಮುಗಿಯಬೇಕೆನಿಸಿತು.

ಆದರೆ ನಮ್ಮವರಿಗೆ, "ಈಗ ಖಾತ್ರಿ ಇಲ್ರೀ" ಎಂದುಬಿಟ್ಟರು. ಶ್ರಾವಣ ಮುಗಿದ ಕೂಡಲೇ ನನ್ನನ್ನು ತವರಿಗೆ ಕಳಿಸುವುದೆಂದಾಯಿತು.

ಆ ಶ್ರಾವಣದಲ್ಲೇ ಒಂದು ಮುಂಜಾನೆ ಡಾಕ್ಟರ್ ಬಂದು ಕೂತಿದ್ದಾಗ, ಅತ್ತೆ ದೇವರ ಕೋಣೆಯ ಬಾಗಿಲಲ್ಲಿ ನಿಂತು ಮಾವನವರನ್ನು ಹೆಸರು ಹಿಡಿದು ಕರೆದರು. ಆ ಹೆಸರು ಬರೆಯಲು ನನಗಿನ್ನೂ ಕೈ ಏಳುವುದಿಲ್ಲ. ಮನೆಯಾಳನ್ನು ಕರೆದ ಹಾಗೆ ಕರೆದು, "ನಮ್ಮವ್ವ ಎಲ್ಲಿ ಹೋಗ್ಯಾಳ?" ಎಂದು ಕೇಳಿದರು.

ಪೂಜೆಗೆ ಕೂತಿದ್ದ ಮಾವನವರ ಕೈಯ ಗಂಟೆ ನೆಲಕ್ಕೆ ಬಿತ್ತು. ಡಾಕ್ಟರ್ ಪೆನ್ನು ಮುಟ್ಟಲಿಲ್ಲ. ನಮ್ಮವರಿಗೆ ಮೆಲ್ಲಗೆ ಹೇಳಿದರು: "ಈಗ ಖಾತ್ರಿ ಆತ್ರೀ. ಉಣಿಸೀನಿ ಅಂತ ನಿಮ್ಮ ಮನಿಯಾಕಿ ಖರೇನ ಹೇಳಿದ್ಳು. ತನಗ ನಷ್ಟ ಆದ್ರೂ ನನ್ನ ತಪ್ಪು ತಿದ್ದಿದಂಥಾಕಿ, ಇಂಥಾಕೀನ ಕಳಿಸಬ್ಯಾಡ್ರಿ."

ನಾನು ಗೆದ್ದಿದ್ದೆ. ಆದರೆ ತಾಯಿಯನ್ನು ಹುಡುಕುತ್ತಿದ್ದ ಆ ಮುದುಕಿಯ ಕೈ ಹಿಡಿದು ಬಿಕ್ಕಿಬಿಕ್ಕಿ ಅಳುತ್ತಿದ್ದೆ...

ಮುಂದೆ ಡಾಕ್ಟರಿಗೆ ವರ್ಗವಾಯಿತು. ಆ ನೋಟ್‌ಬುಕ್ಕುಗಳು ಏನಾದವೋ, ಅಚ್ಚಾದವೋ ಇಲ್ಲವೋ ತಿಳಿಯಲಿಲ್ಲ. ತೀರಿಕೊಂಡರೆಂಬ ಸುದ್ದಿ ಬಂದೇ ಎಷ್ಟೋ ವರ್ಷವಾಯಿತು. ಅವರಿಗೆ ಒಂದು ಮಾತು ಹೇಳಬೇಕಿತ್ತು. ಗೊತ್ತಿದ್ದೂ ಮೂರು ವಾರ ನಾನು ಸುಮ್ಮನಿದ್ದೆನೆಂದು. ಎರಡು ವರ್ಷವನ್ನು ನಗುತ್ತ ಹೊಡೆದುಹಾಕಿದವರ ಮುಂದೆ ನನಗೆ ಆ ಮೂರು ವಾರ ಒಪ್ಪಿಕೊಳ್ಳಲಾಗಲಿಲ್ಲ.